ಆರಾಮ ಕಾಣುವ ದಿನಗಳು

ಪಶುವೈದ್ಯರ ಮೇಜಿನ ಮೇಲೆ ಪ್ರಾಣಿಯನ್ನು ನಿಲ್ಲಿಸಿದ ಕೂಡಲೇ ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಒಂದೇ. ವಯಸ್ಸೆಷ್ಟು? ಯಾವ ಯಾವ ಲಸಿಕೆ ಆಗಿದೆ? ಯಾವಾಗಿನಿಂದ ಹೀಗೆ? ಹುಟ್ಟಿದಾಗಿನಿಂದ ಮನೆಯಲ್ಲೇ ಬೆಳೆದ ನಾಯಿಯಾದರೆ ಉತ್ತರ ಸಲೀಸಾಗಿ ಬರುತ್ತದೆ. ಆದರೆ ಬೆಳಗಾವಿಯಲ್ಲಿ ಅನಗೋಳದ ನಾಲ್ಕನೇ ರೈಲ್ವೆ ಗೇಟಿನ ಬಳಿ ಯಾರೋ ರಟ್ಟಿನ ಡಬ್ಬಿಯಲ್ಲಿ ಬಿಟ್ಟುಹೋದ ಮರಿ, ಉದ್ಯಮಬಾಗದಲ್ಲಿ ಫೌಂಡ್ರಿಯ ಗೇಟಿಗೆ ಕಟ್ಟಿ ಬಿಟ್ಟ ಜರ್ಮನ್ ಶೆಫರ್ಡ್, ಖಾನಾಪುರ ರಸ್ತೆಯಲ್ಲಿ ಬೈಕಿಗೆ ಸಿಕ್ಕ ಬೆಕ್ಕು, ಇವುಗಳ ಹಿಂದಿನ ಕಥೆ ಯಾರಿಗೂ ಗೊತ್ತಿಲ್ಲ. ಮೊದಲೆರಡು ಪ್ರಶ್ನೆಗೆ ಮೌನ. ಮೂರನೆಯದಕ್ಕೆ ಹೆಚ್ಚಿನವರು ಹೇಳುವುದು ಹೀಗೆ: “ತಂದಾಗ ಆರಾಮ ಇತ್ರಿ. ನಾಕ್ ದಿವಸ ಚೊಲೋ ಉಂಡೈತಿ. ನಮ್ಮನಿ ಹಾಲು ಹೊಂದಲಿಲ್ಲ ಅನಸ್ತೈತಿ.”

ಹಾಲಿನ ಮೇಲೆ, ಸ್ನಾನ ಮಾಡಿಸಿದ ನೀರಿನ ಮೇಲೆ, ಹಿಂದಿನ ದಿನ ಹಾಕಿಸಿದ ಲಸಿಕೆಯ ಮೇಲೆ ಅನುಮಾನ ಬೀಳುತ್ತದೆ. ರೋಗ ಮಾತ್ರ ಆ ಡಬ್ಬಿಯ ಜೊತೆಗೇ ಮನೆಗೆ ಬಂದಿರುತ್ತದೆ. ಸೋಂಕು ದೇಹ ಹೊಕ್ಕ ಗಳಿಗೆಗೂ ಲಕ್ಷಣ ಕಾಣುವ ಗಳಿಗೆಗೂ ನಡುವೆ ಒಂದು ಅವಧಿ ಇದೆ. ಅದಕ್ಕೆ ಕಾವು ಅವಧಿ ಎನ್ನುತ್ತಾರೆ. ಕೆಲವು ರೋಗಗಳಿಗೆ ಅದು ನಾಲ್ಕು ದಿನ, ಕೆಲವಕ್ಕೆ ಮೂರು ತಿಂಗಳು. ಇನ್ನು ಕೆಲವು ಒಮ್ಮೆ ಕಾಣಿಸಿಕೊಂಡು ಮರೆಯಾಗಿ, ವರ್ಷಗಟ್ಟಲೆ ಒಳಗೇ ಕುಳಿತಿರುತ್ತವೆ. ಬೀದಿಯಿಂದ ಎತ್ತಿ ತಂದ ಪ್ರಾಣಿಯೊಂದಿಗೆ ಬದುಕುವವರು ಯಾವ ಔಷಧದ ಹೆಸರಿಗಿಂತ ಮೊದಲು ಈ ಅವಧಿಗಳನ್ನು ತಿಳಿದಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಪ್ರಾಣಿ ಆರಾಮ ಕಾಣುತ್ತದೆ ಎಂಬುದು ಒಳ್ಳೆಯ ಸುದ್ದಿ ನಿಜ, ಸಾಕ್ಷ್ಯ ಅಲ್ಲ.

ಬೀದಿಮರಿಗಳ ಬದುಕು ಎಷ್ಟು ಕಿರಿದು ಎಂಬುದನ್ನು ಕೋಲ್ಕತ್ತಾ ಬಳಿಯ ಐಸರ್ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಬೀದಿಗಳಲ್ಲಿ ಲೆಕ್ಕ ಹಾಕಿದ್ದಾರೆ. 95 ಸೂಲುಗಳ ಮರಿಗಳನ್ನು ಹಿಂಬಾಲಿಸಿದಾಗ, ಬೆದೆಗೆ ಬರುವ ವಯಸ್ಸಿನವರೆಗೆ ಉಳಿದದ್ದು ಶೇ. 19 ಮಾತ್ರ. ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮನುಷ್ಯರಿಂದಾದವು. ನಮ್ಮ ಕಡೆಯೂ ಮಳೆ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಮರಿಗಳ ಕಾಲ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅನಗೋಳದ ಪ್ರತಿ ಗಲ್ಲಿಯ ಚರಂಡಿ ಪಕ್ಕದಲ್ಲಿ, ಕಟ್ಟುತ್ತಿರುವ ಮನೆಯ ಮರಳಿನ ರಾಶಿಯಲ್ಲಿ ಐದಾರು ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಅವನ್ನು ಮನೆಗೆ ತಂದವರನ್ನು ಮೊದಲು ಪರೀಕ್ಷಿಸುವುದು ಪಾರ್ವೋ.

ಪಾರ್ವೋ ವೈರಸ್ ಹಳೆಯ ರೋಗವಲ್ಲ. 1978ಕ್ಕೆ ಮುಂಚೆ ನಾಯಿಗಳಲ್ಲಿ ಈ ಕಾಯಿಲೆಯನ್ನು ವೈದ್ಯರು ಕಂಡೇ ಇರಲಿಲ್ಲ. ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ವೈರಸ್ಸಿನ ಹತ್ತಿರದ ಸಂಬಂಧಿಯೊಂದು ತನ್ನ ಹೊದಿಕೆಯ ಪ್ರೋಟೀನಿನಲ್ಲಿ ಕೆಲವೇ ಬದಲಾವಣೆ ಮಾಡಿಕೊಂಡು ನಾಯಿಯ ಜೀವಕೋಶದೊಳಗೆ ನುಗ್ಗಲು ಕಲಿತಿತು. ಎರಡೇ ವರ್ಷದಲ್ಲಿ ಜಗತ್ತನ್ನೆಲ್ಲ ಸುತ್ತಿತು. ಬೇಗ ಬೇಗ ವಿಭಜನೆ ಆಗುವ ಜೀವಕೋಶಗಳೇ ಅದಕ್ಕೆ ಬೇಕು. ಹಾಗಾಗಿ ಕರುಳಿನ ಒಳಪದರಕ್ಕೂ ಎಲುಬಿನ ಮಜ್ಜೆಗೂ ಒಟ್ಟಿಗೇ ಕೈ ಹಾಕುತ್ತದೆ. ಒಳಪದರ ಕಳಚಿದಾಗ ವಾಂತಿ, ದುರ್ವಾಸನೆಯ ರಕ್ತಭೇದಿ. ಮಜ್ಜೆ ಸೋತಾಗ ಬಿಳಿ ರಕ್ತಕಣಗಳು ಇಳಿದುಹೋಗುತ್ತವೆ. ಅದೇ ವೇಳೆಗೆ ಕರುಳಿನ ಬ್ಯಾಕ್ಟೀರಿಯಾಗಳು ಹರಿದ ಗೋಡೆ ದಾಟಿ ರಕ್ತಕ್ಕೆ ಸೇರುತ್ತವೆ. ಸೋಂಕು ತಗುಲಿ ಲಕ್ಷಣ ಕಾಣಲು ಮೂರರಿಂದ ಏಳು ದಿನ. “ನಾಕ್ ದಿವಸ ಚೊಲೋ ಉಂಡೈತಿ” ಎನ್ನುವ ಲೆಕ್ಕ ಇಲ್ಲಿಗೆ ಸರಿಹೊಂದುತ್ತದೆ. ಇನ್ನೂ ಕಷ್ಟದ ಸಂಗತಿ, ಮರಿ ಕುಣಿದಾಡುತ್ತಿರುವಾಗಲೇ ಅದರ ಮಲದಲ್ಲಿ ವೈರಸ್ ಹೊರಬರಲು ಶುರುವಾಗಿರುತ್ತದೆ.

ಹಾಗಾದರೆ ತಂದ ದಿನವೇ ಲಸಿಕೆ ಹಾಕಿಸಿದರೆ? ಹಾಕಿಸಲೇಬೇಕು, ಆದರೆ ಅದರ ಮಿತಿ ತಿಳಿದಿರಬೇಕು. ಹುಟ್ಟಿದ ಮೊದಲ ದಿನದ ಗಿಣ್ಣದ ಹಾಲಿನಲ್ಲಿ ತಾಯಿಯ ಪ್ರತಿಕಾಯಗಳು ಮರಿಗೆ ಸಿಗುತ್ತವೆ. ಪಾರ್ವೋ ಗೆದ್ದು ಬದುಕಿದ ಬೀದಿತಾಯಿಯ ಹಾಲಿನಲ್ಲಿ ಅವು ಹೇರಳ. ವಾರ ಕಳೆದಂತೆ ಈ ರಕ್ಷಣೆ ಕರಗುತ್ತದೆ. ಅದು ವೈರಸ್ಸನ್ನು ತಡೆಯಲಾರದಷ್ಟು ಕಡಿಮೆಯಾಗಿ, ಲಸಿಕೆಯನ್ನು ಮಾತ್ರ ಹೊಡೆದುಹಾಕುವಷ್ಟು ಉಳಿದಿರುವ ಒಂದೆರಡು ವಾರಗಳ ಕಂಡಿ ಪ್ರತಿ ಮರಿಯಲ್ಲೂ ಬರುತ್ತದೆ. ಯಾವ ಮರಿಗೆ ಯಾವ ವಾರ ಎಂದು ಹೊರಗಿನಿಂದ ಹೇಳಲಾಗದು. ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೇ ವಾರ ತುಂಬುವವರೆಗೆ ಲಸಿಕೆ ಮುಂದುವರಿಸಿ ಎನ್ನುವುದಕ್ಕೆ ಕಾರಣ ಇದೇ. “ಒಂದ್ ಇಂಜೆಕ್ಷನ್ ಆಗೇತ್ರಿ” ಎಂಬ ಧೈರ್ಯದಲ್ಲಿ ಮರಿಯನ್ನು ಬಯಲಿಗೆ ಬಿಟ್ಟು ಕಳೆದುಕೊಂಡ ಮನೆಗಳು ನಮ್ಮ ಓಣಿಯಲ್ಲೇ ಇವೆ.

ಪಾರ್ವೋಗೆ ನೇರ ಔಷಧ ನಮ್ಮ ಕಡೆ ಸಿಗುವುದಿಲ್ಲ. ಸಲಾಯಿನ್, ವಾಂತಿ ನಿಲ್ಲಿಸುವ ಮದ್ದು, ಆಂಟಿಬಯೋಟಿಕ್, ಮೈ ಬೆಚ್ಚಗಿಡುವುದು, ಇಷ್ಟರಲ್ಲೇ ಹೋರಾಟ. ಆದರೂ ಸಕಾಲಕ್ಕೆ ಸಲಾಯಿನ್ ಏರಿದ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ, ಹಾಗೇ ಬಿಟ್ಟವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಸತ್ತ ಮೇಲೂ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ನೆರಳು ತೇವ ಇದ್ದರೆ ವರ್ಷದವರೆಗೆ ಇರುತ್ತದೆ. ಫಿನಾಯಿಲ್‌ಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ನೆಲದ ಕೊಳೆ ತೊಳೆದ ಮೇಲೆ, ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಬೇಕು. ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ಅದೇ ಅಂಗಳಕ್ಕೆ ಕೂಡಲೇ ತರುವುದು ಬೇಡ.

ಡಿಸ್ಟೆಂಪರ್‌ನ ದಾರಿ ಬೇರೆ. ನಮ್ಮ ಹಿರಿಯರು ದನಗಳಲ್ಲಿ ಕಂಡು ಹೆದರಿದ್ದ ದೊಡ್ಡರೋಗ, ಮಕ್ಕಳ ದಡಾರ, ನಾಯಿಯ ಡಿಸ್ಟೆಂಪರ್ ಮೂರೂ ಒಂದೇ ಕುಟುಂಬದ ವೈರಸ್‌ಗಳು. ದೊಡ್ಡರೋಗ ಭೂಮಿಯಿಂದಲೇ ಹೋಯಿತೆಂದು 2011ರಲ್ಲಿ ಘೋಷಣೆಯಾಯಿತು. ಅದರ ನೆಂಟ ಇನ್ನೂ ನಮ್ಮ ಓಣಿಗಳಲ್ಲಿದೆ. ಇದರಲ್ಲಿ ಮೊದಲ ಜ್ವರ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಆಮೇಲೆ ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ, ಕೆಮ್ಮು. ಅದೂ ವಾಸಿಯಾಗುತ್ತದೆ. ಮರಿ ಉಣ್ಣುತ್ತದೆ, ಆಡುತ್ತದೆ. ಒಂದೆರಡು ವಾರ, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ವೈರಸ್ ಮಿದುಳಿನಿಂದ ಮಾತಾಡುತ್ತದೆ. ಏನನ್ನೋ ಅಗಿಯುತ್ತಿರುವಂತೆ ದವಡೆ ಕಡಿಯುವ ಫಿಟ್ಸ್, ಇಲ್ಲವೇ ಒಂದು ಕಾಲು ಲಯಬದ್ಧವಾಗಿ ಎಗರುವುದು.

ನಮ್ಮ ಮನೆಯ ನಾಯಿ ಗೌರಿಗೆ ಉಳಿದದ್ದು ಆ ಎಗರುವಿಕೆ. ಎಡ ಮುಂಗಾಲು ಗಡಿಯಾರದ ಮುಳ್ಳಿನ ಹಾಗೆ ಟಕ್ ಟಕ್ ಎನ್ನುತ್ತದೆ. ನಿದ್ದೆಯಲ್ಲೂ ನಿಲ್ಲುವುದಿಲ್ಲ. ನರಕೋಶಗಳ ಒಂದು ಗುಂಪು ತಾನಾಗಿಯೇ ಸಂದೇಶ ಕಳಿಸುತ್ತಲೇ ಇರುತ್ತದೆ, ಅದನ್ನು ಸುಮ್ಮನಾಗಿಸುವ ಔಷಧ ಇಲ್ಲ. ನೋಡಿದವರಿಗೆಲ್ಲ ಅಯ್ಯೋ ಅನಿಸುತ್ತದೆ. ಆದರೆ ಅವಳಿಗೆ ನೋವಿಲ್ಲ, ಫಿಟ್ಸ್ ಇಲ್ಲ. ಮೆಟ್ಟಿಲು ಹತ್ತುವಾಗ ಆ ಕಾಲು ನೆಲಕ್ಕೆ ತಾಗುವ ಕ್ಷಣ ಕಾದು ಮುಂದಿನ ಹೆಜ್ಜೆ ಇಡುವುದನ್ನು ಅವಳೇ ಕಲಿತಳು. ಡಿಸ್ಟೆಂಪರ್ ಅಂದ ಕೂಡಲೇ ಸಾಯಿಸುವ ಇಂಜೆಕ್ಷನ್ನಿನ ಮಾತು ಬರುತ್ತದೆ. ಫಿಟ್ಸ್ ಮೇಲೆ ಫಿಟ್ಸ್ ಬಂದು ನರಳುವ ಪ್ರಾಣಿಗೆ ಅದು ಕರುಣೆಯೇ. ಕಾಲು ಎಗರುತ್ತದೆ ಎಂಬ ಒಂದೇ ಕಾರಣಕ್ಕೆ ಮಾತ್ರ ಆ ನಿರ್ಧಾರ ಬೇಡ.

ಖಾನಾಪುರ ತಾಲೂಕಿನಲ್ಲಿ ಈ ರೋಗಕ್ಕೆ ಇನ್ನೊಂದು ಮುಖ ಇದೆ. ಹೆಮ್ಮಡಗಾ, ಗವಾಳಿಯಂಥ ಊರುಗಳು ಭೀಮಗಡ ಅಭಯಾರಣ್ಯದ ಮಡಿಲಲ್ಲೇ ಇವೆ. ಊರ ನಾಯಿ ಕಾಡಿಗೆ ಹೋಗುತ್ತದೆ, ಚಿರತೆ ಊರಿಗೆ ಬರುತ್ತದೆ, ಸೀಳುನಾಯಿಗಳ ಹಿಂಡು ಅದೇ ಹಳ್ಳದ ನೀರು ಕುಡಿಯುತ್ತದೆ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸಿಂಹಗಳನ್ನು ಕೊಂದದ್ದು ಡಿಸ್ಟೆಂಪರ್. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲೂ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಇದೇ ವೈರಸ್ ಪತ್ತೆಯಾಯಿತು. ಹೆಮ್ಮಡಗಾದ ಒಂದು ನಾಯಿಮರಿಗೆ ಹಾಕಿದ ಲಸಿಕೆ ಭೀಮಗಡದ ಸೀಳುನಾಯಿಗೂ ಕಾವಲು.

ಇನ್ನು ಉಣ್ಣಿ. ಬೆಳಗಾವಿಯ ಯಾವುದೇ ನಾಯಿ ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆ ಕುಳಿತರೆ ಅತಿ ಹೆಚ್ಚು ಸಲ ಕಿವಿಗೆ ಬೀಳುವ ಮಾತು “ಟಿಕ್ ಫೀವರ್”. ಕಂದು ನಾಯಿ ಉಣ್ಣಿ ನಮ್ಮ ಮನೆಗಳಿಗೆ ಹೇಳಿ ಮಾಡಿಸಿದ ಜೀವಿ. ರಕ್ತ ಕುಡಿದ ಹೆಣ್ಣು ಉಣ್ಣಿ ನಾಯಿಯಿಂದ ಉದುರಿ ಗೋಡೆ ಹತ್ತುತ್ತದೆ. ಬಾಗಿಲ ಚೌಕಟ್ಟಿನ ಬಿರುಕು, ಮಂಗಳೂರು ಹೆಂಚಿನ ಕೆಳಗಿನ ರೀಪಿನ ಸಂದು, ಕರೆಂಟಿನ ಪೈಪಿನ ತುದಿ, ಎಲ್ಲಾದರೂ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಬಲಿತ ಉಣ್ಣಿ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ನಾಯಿಯ ಮೈಮೇಲೆ ಕಂಡದ್ದು ಒಟ್ಟು ಸಂಸಾರದ ಸಣ್ಣ ಪಾಲು, ಉಳಿದದ್ದು ಗೋಡೆಯಲ್ಲಿ. ನಾಯಿಗೆ ಮಾತ್ರ ಮದ್ದು ಹಾಕಿ ಮನೆ ಬಿಟ್ಟರೆ ಎರಡು ವಾರಕ್ಕೆ ಮತ್ತೆ ಶುರು.

ಉದ್ಯಮಬಾಗದ ಆ ಜರ್ಮನ್ ಶೆಫರ್ಡ್‌ನ ಹೆಸರು ಟೈಗರ್ ಎಂದು ಕೊರಳಪಟ್ಟಿಯ ಮೇಲಿತ್ತು. ಕಿವಿಯೊಳಗೆ, ಕಾಲ್ಬೆರಳ ಸಂದಿನಲ್ಲಿ ದ್ರಾಕ್ಷಿಗೊಂಚಲಿನಂತೆ ಉಣ್ಣಿ. ಇಕ್ಕಳದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಎಳೆದು ಒಂದೊಂದೇ ತೆಗೆದದ್ದಾಯಿತು. ಬೆರಳಲ್ಲಿ ಹಿಚುಕಬಾರದು, ಒಳಗಿನ ರಕ್ತ ನಮ್ಮ ಕೈಗೂ ಒಳ್ಳೆಯದಲ್ಲ. ಮುಂದಿನ ಕೆಲವು ವಾರ ಅವನು ಸಿಂಹದಂತೆ ಇದ್ದ. ಒಂದು ಬೆಳಿಗ್ಗೆ ಮೂಗಿನ ಒಂದು ಹೊಳ್ಳೆಯಿಂದ ರಕ್ತ ತೊಟ್ಟಿಕ್ಕಿತು. ಒಸಡು ಬಿಳಿಚಿತ್ತು, ಹೊಟ್ಟೆಯ ಚರ್ಮದ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಗಳು.

ವೈದ್ಯರು ಕಿವಿಯ ಅಂಚಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. “ಬರ್ರಿ, ನೀವೂ ನೋಡ್ರಿ.” ಗುಲಾಬಿ ಬಣ್ಣದ ಕೆಂಪುಕಣಗಳ ನಡುವೆ ಒಂದು ದೊಡ್ಡ ಬಿಳಿ ರಕ್ತಕಣ. ಅದರ ನೇರಳೆ ಕೇಂದ್ರದ ಪಕ್ಕದಲ್ಲಿ ಹಿಪ್ಪುನೇರಳೆ ಹಣ್ಣಿನಂತೆ ಗುಳ್ಳೆಗುಳ್ಳೆಯಾದ ಚಿಕ್ಕ ಮುದ್ದೆ. ಅದು ಎರ್ಲಿಕಿಯಾ ಕ್ಯಾನಿಸ್ ಬ್ಯಾಕ್ಟೀರಿಯಾಗಳ ವಸಾಹತು. ಹೀಗೆ ಕಣ್ಣಿಗೆ ಸಿಗುವುದು ಅಪರೂಪ. ಸಿಗಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ, ಅದಕ್ಕೇ ಪ್ರತಿಕಾಯದ ಕಿಟ್, ಪಿಸಿಆರ್ ಪರೀಕ್ಷೆಗಳು.

ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನಾನಾಯಿಗಳು ಮೂಗಿನಿಂದ ರಕ್ತ ಸುರಿಸಿ ನೂರಾರು ಸಂಖ್ಯೆಯಲ್ಲಿ ಸತ್ತಾಗ ಅದರ ಪೂರ್ತಿ ಸ್ವಭಾವ ತಿಳಿಯಿತು. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರಕ್ಕೆ ಜ್ವರ ಬರುತ್ತದೆ. ಹಲವು ಸಲ ತಾನಾಗಿ ಇಳಿಯುತ್ತದೆ. ನಂತರ ತಿಂಗಳು, ವರ್ಷ ನಾಯಿ ಚೆನ್ನಾಗಿರುತ್ತದೆ, ಗುಲ್ಮದಲ್ಲಿ ಬ್ಯಾಕ್ಟೀರಿಯಾ ಉಳಿದಿರುತ್ತದೆ. ಕೆಲವು ನಾಯಿಗಳಲ್ಲಿ ಕೊನೆಗೆ ಎಲುಬಿನ ಮಜ್ಜೆಯೇ ಬತ್ತುತ್ತದೆ. ಜರ್ಮನ್ ಶೆಫರ್ಡ್‌ಗಳಿಗೆ ಈ ಕೊನೆಯ ಹಂತ ಹೆಚ್ಚು ಉಗ್ರ. ಡಾಕ್ಸಿಸೈಕ್ಲಿನ್ ಮಾತ್ರೆ ಶುರುವಾದ ಒಂದೆರಡು ದಿನದಲ್ಲೇ ನಾಯಿ ಎದ್ದು ಕೂರುತ್ತದೆ. ಇಲ್ಲೇ ಬಹಳ ಮನೆಗಳು ಎಡವುವುದು. ಆರಾಮ ಆಯಿತೆಂದು ವಾರಕ್ಕೆ ಮಾತ್ರೆ ನಿಲ್ಲಿಸುತ್ತಾರೆ. ಚಿಕಿತ್ಸೆಯ ಅವಧಿ 28 ದಿನ, ಅದರಲ್ಲಿ ರಿಯಾಯಿತಿ ಇಲ್ಲ.

ಉಣ್ಣಿ ತರುವುದು ಎರ್ಲಿಕಿಯಾ ಒಂದನ್ನೇ ಅಲ್ಲ. ಕೆಂಪುಕಣದೊಳಗೇ ಮನೆ ಮಾಡಿ ಅದನ್ನು ಒಡೆಯುವ ಬೆಬೀಸಿಯಾ ಗಿಬ್ಸೋನಿ ನಮ್ಮ ದೇಶದಲ್ಲೇ ಮೊದಲು ಪತ್ತೆಯಾದದ್ದು. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ, ಆಮೇಲೆ ನರಿಯ ರಕ್ತದಲ್ಲಿ ಅದನ್ನು ಕಂಡರು. ಉಣ್ಣಿಯಿಲ್ಲದೆಯೂ, ನಾಯಿ ನಾಯಿಗಳ ಕಚ್ಚಾಟದಲ್ಲಿ ರಕ್ತದಿಂದ ರಕ್ತಕ್ಕೆ ಅದು ಹೋಗಬಲ್ಲದು. ಡಾಕ್ಸಿಸೈಕ್ಲಿನ್ ಅದನ್ನು ಬುಡಸಮೇತ ಕೀಳಲಾರದು, ಬೇರೆಯೇ ಔಷಧಗಳು ಬೇಕು. ಹಾಗಾಗಿ ಟಿಕ್ ಫೀವರ್ ಅಂದಾಗ ಯಾವುದು ಎಂದು ಕೇಳಿ ತಿಳಿಯಬೇಕು.

ರಕ್ತ ತೀರಾ ಇಳಿದಾಗ ರಕ್ತ ಕೊಡುವುದೊಂದೇ ದಾರಿ. ನಾಯಿಗಳ ರಕ್ತದಲ್ಲಿ ಬೇರೆ ಗುಂಪಿನ ವಿರುದ್ಧ ಬಲವಾದ ಪ್ರತಿಕಾಯ ಹುಟ್ಟಿನಿಂದ ಇರುವುದಿಲ್ಲ. ಅದರಿಂದ ಮೊದಲ ಸಲ ಸಾಮಾನ್ಯವಾಗಿ ಯಾವ ಆರೋಗ್ಯವಂತ ನಾಯಿಯ ರಕ್ತವಾದರೂ ನಡೆಯುತ್ತದೆ, ಎರಡನೇ ಸಲಕ್ಕೆ ಹೊಂದಾಣಿಕೆ ನೋಡಲೇಬೇಕು. ಬೆಕ್ಕಿನಲ್ಲಿ ಹಾಗಿಲ್ಲ. ತಪ್ಪು ಗುಂಪಿನ ಮೊದಲ ಬಾಟಲಿಯೇ ಅದನ್ನು ಕೊಲ್ಲಬಹುದು. ಟೈಗರ್‌ಗೆ ರಕ್ತ ಕೊಟ್ಟದ್ದು ವಡಗಾವಿಯ ಪರಿಚಿತರ ಮನೆಯ ಮುಧೋಳ ನಾಯಿ. ಫೋನ್ ಮಾಡಿದಾಗ ಆ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: “ಇದಕ್ಕೇನೂ ಆಗೂದಿಲ್ಲ ಹೌದಿಲ್ಲೋ? ಹಂಗಾರ ಕರಕೊಂಡ ಹೋಗ್ರಿ.” ಅದಕ್ಕೇನೂ ಆಗಲಿಲ್ಲ.

ಕಜ್ಜಿಯ ಬಗ್ಗೆ ಒಂದೇ ಮಾತು. ಕೂದಲು ಉದುರಿ ಚರ್ಮ ಆನೆಯ ಚರ್ಮದಂತಾದ ನಾಯಿಗೆ ಗ್ಯಾರೇಜಿನ ಸುಟ್ಟ ಇಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ನಾಯಿ ಅದನ್ನು ನೆಕ್ಕುತ್ತದೆ, ಸೀಸದಂಥ ಲೋಹಗಳು ಹೊಟ್ಟೆ ಸೇರುತ್ತವೆ, ಹಸಿ ಚರ್ಮ ಸುಡುತ್ತದೆ. ಕಜ್ಜಿಯ ನುಸಿಯನ್ನೂ ಉಣ್ಣಿಯನ್ನೂ ಒಟ್ಟಿಗೆ ಕೊಲ್ಲುವ ಫ್ಲುರಲನರ್, ಅಫಾಕ್ಸೊಲನರ್‌ನಂಥ ಮಾತ್ರೆಗಳು ಬಂದು ಹತ್ತು ವರ್ಷ ದಾಟಿತು. ಅವು ಕೀಟದ ನರದ ಕ್ಲೋರೈಡ್ ಕಾಲುವೆಗಳನ್ನು ಮುಚ್ಚುತ್ತವೆ. ಫಿಟ್ಸ್ ಇರುವ ನಾಯಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬಾರದು.

ಬೆದೆಗೆ ಬಂದಿದೆ ಎಂದು ಮನೆಯವರು ತಿಳಿದ ಹೆಣ್ಣುನಾಯಿಯ ರಕ್ತಸ್ರಾವ ತಿಂಗಳಾದರೂ ನಿಲ್ಲದಿದ್ದರೆ, ಹೂಕೋಸಿನಂಥ ಗಡ್ಡೆ ಒಳಗಿರಬಹುದು. ಇದು ಟಿವಿಟಿ, ನಾಯಿಯಿಂದ ನಾಯಿಗೆ ಕೂಡುವಾಗ ಅಂಟುವ ಕ್ಯಾನ್ಸರ್. ಇಲ್ಲಿ ಅಂಟುವುದು ವೈರಸ್ ಅಲ್ಲ, ಕ್ಯಾನ್ಸರಿನ ಜೀವಂತ ಕೋಶಗಳೇ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯ ದೇಹದಲ್ಲಿ ಹುಟ್ಟಿದ ಕೋಶ, ಆ ನಾಯಿ ಮಣ್ಣಾದ ಮೇಲೂ ಮೈಯಿಂದ ಮೈಗೆ ದಾಟುತ್ತ ಇಂದು ಅನಗೋಳದ ಓಣಿವರೆಗೆ ಬಂದಿದೆ. ಜೀವವಿಜ್ಞಾನದಲ್ಲಿ ಇಷ್ಟು ವಿಚಿತ್ರವಾದದ್ದು ಕಡಿಮೆ. ವಾರಕ್ಕೊಂದರಂತೆ ನಾಲ್ಕರಿಂದ ಆರು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನಿಗೆ ಅದು ಹೆಚ್ಚಿನ ನಾಯಿಗಳಲ್ಲಿ ಪೂರ್ತಿ ಕರಗುತ್ತದೆ. ಮಕ್ಕಳ ರಕ್ತದ ಕ್ಯಾನ್ಸರಿಗೂ ಕೊಡುವ ಈ ಔಷಧ ಬರುವುದು ಕಾಶಿಕಣಗಿಲೆಯಿಂದ, ಮರಾಠಿ ನೆರೆಯವರು ಸದಾಫುಲಿ ಎನ್ನುವ ಅದೇ ಅಂಗಳದ ಗಿಡ. ಎಲೆ ಅರೆದು ಹಾಕಿದರೆ ವಿಷವಾಗುತ್ತದೆ, ಅಳತೆಯ ಇಂಜೆಕ್ಷನ್ನೇ ಆಗಬೇಕು.

ಬೆಕ್ಕುಗಳ ಆರಾಮವನ್ನಂತೂ ನಂಬಲೇಬಾರದು. ಬೇಟೆಯಾಡುವ ಪ್ರಾಣಿಯಾದರೂ ತನಗಿಂತ ದೊಡ್ಡವಕ್ಕೆ ತಾನೇ ಬೇಟೆ, ಆದ್ದರಿಂದ ನೋವು ತೋರಿಸದಿರುವುದು ಅದರ ಸ್ವಭಾವ. ಮೂತ್ರಪಿಂಡದ ಸುಮಾರು ಮುಕ್ಕಾಲು ಪಾಲು ಸಾಮರ್ಥ್ಯ ಹೋದ ಮೇಲೆಯೇ ರಕ್ತದ ಕ್ರಿಯಾಟಿನಿನ್ ಮಿತಿ ದಾಟುವುದು. ವಯಸ್ಸಾದ ಬೆಕ್ಕು ನೀರಿನ ಬಟ್ಟಲ ಬಳಿ ಹೆಚ್ಚು ಹೊತ್ತು ಕೂರುತ್ತಿದ್ದರೆ ಆಗಲೇ ರಕ್ತಪರೀಕ್ಷೆ ಮಾಡಿಸಬೇಕು. ಇನ್ನೊಂದು ಎಚ್ಚರಿಕೆ ಪ್ರತಿ ಮನೆಗೂ. ಮೈ ಬಿಸಿ ಎಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಚೂರು ಕೊಡಬೇಡಿ. ಆ ಔಷಧವನ್ನು ನಿರುಪದ್ರವಿ ಮಾಡುವ ಕಿಣ್ವದ ಜೀನು ಬೆಕ್ಕಿನ ವಂಶದಲ್ಲಿ ಎಂದೋ ಕೆಟ್ಟುನಿಂತಿದೆ. ಮಾಂಸವನ್ನೇ ತಿಂದು ಬದುಕಿದ ಪ್ರಾಣಿಗೆ ಸಸ್ಯಗಳ ವಿಷ ಕಳೆಯುವ ಆ ವ್ಯವಸ್ಥೆ ಬೇಕಾಗಲಿಲ್ಲ. ಕೆಲವೇ ಗಂಟೆಗಳಲ್ಲಿ ಮುಖ, ಪಾದ ಊದುತ್ತವೆ, ಒಸಡು ಕಂದಾಗುತ್ತದೆ, ರಕ್ತ ಆಮ್ಲಜನಕ ಹೊರಲಾರದಾಗುತ್ತದೆ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ, ಬೇಗ ಮುಟ್ಟಿಸಿದರೆ ಮಾತ್ರ. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಮದ್ದೂ ಬೆಕ್ಕಿಗೆ ಹೀಗೇ ವಿಷ.

ಕೊನೆಗೆ ರೇಬೀಸ್, ಅದಕ್ಕೆ ಮೊದಲು ಸಿಡುಬಿನ ಒಂದು ಮಾತು. ಅನಗೋಳದಿಂದ ಟಿಳಕವಾಡಿಗೆ ಹೋದರೆ ವ್ಯಾಕ್ಸಿನ್ ಡಿಪೋ ಮೈದಾನ. ಈಗ ಜನ ಬೆಳಿಗ್ಗೆ ವಾಕಿಂಗ್ ಹೋಗುವ ಆ ಜಾಗದಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಸಿಡುಬು ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು. ಅದು ಸಾಧ್ಯವಾದ ಕಾರಣಗಳಲ್ಲಿ ಎರಡು ಮುಖ್ಯ: ಸಿಡುಬು ಪ್ರಾಣಿಗಳಲ್ಲಿ ಅಡಗಿರಲಿಲ್ಲ, ಮತ್ತು ಕಾಯಿಲೆ ಬೀಳುವ ಮುನ್ನ ಅದು ಒಬ್ಬರಿಂದೊಬ್ಬರಿಗೆ ಹರಡುತ್ತಿರಲಿಲ್ಲ. ರೇಬೀಸ್ ಈ ಎರಡರಲ್ಲೂ ತಿರುವುಮುರುವು. ಕಚ್ಚಿದ ಜಾಗದಿಂದ ನರದ ಎಳೆ ಹಿಡಿದು ಮಿದುಳಿಗೆ ಹೋಗಲು ವೈರಸ್ಸಿಗೆ ಹೆಚ್ಚಾಗಿ ಒಂದರಿಂದ ಮೂರು ತಿಂಗಳು ಬೇಕು. ಅಷ್ಟು ದಿನ ಪ್ರಾಣಿ ಎಲ್ಲ ಪ್ರಾಣಿಗಳಂತೆಯೇ. ಡಬ್ಬಿಯಲ್ಲಿ ಸಿಕ್ಕ ಎರಡು ತಿಂಗಳ ಮರಿಗೂ ಅದು ಇರಬಹುದು. ಮನೆ ಮಕ್ಕಳ ಬೆರಳು ಕಚ್ಚಿ ಆಡಿದ ಮರಿ ಕೆಲವೇ ದಿನಕ್ಕೆ ಸತ್ತರೆ, ಸಣ್ಣ ಮರಿ ಅಲ್ಲವೇ ಎಂದು ಸುಮ್ಮನಾಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಳೆಯವರಿಗೆ ಹೊಕ್ಕಳ ಸುತ್ತಿನ ಹದಿನಾಲ್ಕು ಇಂಜೆಕ್ಷನ್ನಿನ ಭಯ ಇನ್ನೂ ಹೋಗಿಲ್ಲ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆಯ ತಯಾರಿಯನ್ನು ನಮ್ಮ ದೇಶ 2004ರ ಕೊನೆಗೆ ನಿಲ್ಲಿಸಿತು. ಈಗಿನದು ತೋಳಿಗೆ ಹಾಕುವ ನಾಲ್ಕೈದು ಚಿಕ್ಕ ಡೋಸು. ಬೀದಿಪ್ರಾಣಿಗಳನ್ನು ಮುಟ್ಟಿ ಎತ್ತುವವರು ಕಚ್ಚಿಸಿಕೊಳ್ಳುವ ಮೊದಲೇ ಇದನ್ನು ಹಾಕಿಸಿಕೊಂಡಿರುವುದು ಒಳಿತು. ಚೋರ್ಲಾ ಘಾಟಿನ ಆಚೆಯ ಗೋವಾ ವರ್ಷ ವರ್ಷವೂ ಊರೂರು ತಿರುಗಿ ನಾಯಿಗಳಿಗೆ ಲಸಿಕೆ ಹಾಕಿ, 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶ ಎನಿಸಿಕೊಂಡಿತು. ಘಾಟಿನ ಈಚೆ ಖಾನಾಪುರ, ಬೆಳಗಾವಿಯಲ್ಲಿ ಅದೇ ಕೆಲಸ ಆಗಬಾರದೇಕೆ? ನಾಯಿಗಳಿಗೆ ರಾಜ್ಯದ ಗಡಿ ಇಲ್ಲ. ಕರ್ನಾಟಕ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಸಾರಿತು. ಮುಂದಿನ ಹೆಜ್ಜೆ ನಾಯಿಗಳ ಲಸಿಕೆಯಲ್ಲಿದೆ.

ಕಚ್ಚಿದರೆ ಮಾಡಬೇಕಾದ್ದು: ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯುವುದು, ಅದೇ ದಿನ ಲಸಿಕೆ ಶುರುಮಾಡುವುದು, ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಹಾಕಿಸುವುದು, ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು. ಹೊಡೆದು ಕೊಂದರೆ ಈ ಕೊನೆಯದು ಕೈತಪ್ಪುತ್ತದೆ. ಹತ್ತು ದಿನವೇ ಏಕೆಂದರೆ, ವೈರಸ್ ನಾಯಿಯ ಜೊಲ್ಲಿಗೆ ಬರುವುದು ಅದು ಮಿದುಳನ್ನು ಮುಟ್ಟಿದ ಮೇಲೆ, ಅಲ್ಲಿಂದ ಲಕ್ಷಣ ಕಾಣಲು ಕೆಲವೇ ದಿನ ಸಾಕು, ಸಾವು ಅದರ ಬೆನ್ನಿಗೇ ಇದೆ. ಹತ್ತು ದಿನ ದಾಟಿಯೂ ನಾಯಿ ಎಂದಿನಂತೆ ಉಂಡು, ನೀರು ಕುಡಿದು, ಬೊಗಳಿಕೊಂಡು ಇದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ. ಉಳಿದ ಡೋಸುಗಳನ್ನು ಏನು ಮಾಡಬೇಕೆಂದು ವೈದ್ಯರು ಆಗ ಹೇಳುತ್ತಾರೆ. ಇಷ್ಟೆಲ್ಲ ರೋಗಗಳ ನಡುವೆ ನಾಯಿ ಆರಾಮ ಕಾಣುವುದು ಗಟ್ಟಿ ಸಾಕ್ಷ್ಯವಾಗಿ ನಿಲ್ಲುವುದು ಈ ಒಂದು ಲೆಕ್ಕದಲ್ಲಿ, ಅದೂ ಕಳೆದುಹೋದ ಒಂದು ದಿನದ ಬಗ್ಗೆ.